ಕೋಡ್ ಬರೆಯೋಕೆ ಬರಲ್ಲ, ಲಿಬ್ರೆಆಫೀಸ್ ಡಾಕ್ಯುಮೆಂಟೇಶನ್‌ಗೆ ಸಹಾಯ ಮಾಡಬಹುದಾ?

ಕಾಮರ್ಸ್ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬ್‌ನಲ್ಲಿ ವಿಂಡೋಸ್ ಬದಲು ಉಬುಂಟು, ಅದರ ಜೊತೆಗೇ ಬಂದ ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಥರದ ಪುಕ್ಕಟೆ ಸಾಫ್ಟ್‌ವೇರ್) ಇದೆ. ಲ್ಯಾಬ್ ನೋಡಿಕೊಳ್ಳೋಕೆ ಬೇರೆ ಯಾರೂ ಇಲ್ಲ, ಹಾಗಾಗಿ ಆ ಕೆಲಸವೂ ನನ್ನ ತಲೆಗೇ ಬಂದಿದೆ.

ಮಕ್ಕಳು, ಆಫೀಸಿನ ಗುಮಾಸ್ತರು ಕೇಳೋ ಪ್ರಶ್ನೆಗಳು ವರ್ಷಾನುಗಟ್ಟಲೆ ಅವೇ. ಕನ್ನಡ ಫಾಂಟ್ ಯಾಕೆ ಬದಲಾಗಲ್ಲ? ಪೇಜ್ ನಂಬರ್ ಮೂರನೇ ಪುಟದಿಂದ ಶುರು ಮಾಡೋದು ಹೇಗೆ? ಹೇಳಿ ಹೇಳಿ ಬಾಯಿಪಾಠ ಆಗಿದೆ. ಇದನ್ನೇ ಎಲ್ಲೋ ಒಂದು ಕಡೆ ಸರಿಯಾಗಿ ಬರೆದಿಟ್ಟರೆ ಬೇರೆಯವರಿಗೂ ಉಪಯೋಗ ಅಲ್ವಾ ಅನಿಸಿತು. ಲಿಬ್ರೆಆಫೀಸ್‌ನವರು ಡಾಕ್ಯುಮೆಂಟೇಶನ್‌ಗೆ (ಬಳಸೋದು ಹೇಗೆ ಎಂದು ತಿಳಿಸೋ ಬರಹಕ್ಕೆ) ಸ್ವಯಂಸೇವಕರು ಬೇಕು ಎಂದು ಕರೆಯುತ್ತಲೇ ಇರುತ್ತಾರೆ. ಆದರೆ ನನಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಬರೆಯೋದು ಸಾಧಾರಣ. ನನ್ನಂಥವನಿಂದ ಏನಾದರೂ ಪ್ರಯೋಜನ ಇದೆಯಾ? ಎಲ್ಲಿಂದ ಶುರು ಮಾಡಬೇಕು? ಈ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಹೇಳಿ.

ಟೆಕ್‌ರೈಟರ್ ಅಕ್ಕ

ಸರ್, ನಿಮ್ಮಂಥವರೇ ಬೇಕು. ಹೊಗಳಿಕೆಗೆ ಹೇಳುತ್ತಿಲ್ಲ. ಕಾರಣ ಮುಂದೆ ಹೇಳುತ್ತೇನೆ. ಮೊದಲು ಕೆಲಸ ಎಲ್ಲೆಲ್ಲಿ ಇದೆ ನೋಡಿ, ಯಾಕೆಂದರೆ ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ.

ಲಿಬ್ರೆಆಫೀಸ್‌ನಲ್ಲಿ ಡಾಕ್ಯುಮೆಂಟೇಶನ್ ಅಂದರೆ ಒಂದೇ ಜಾಗ ಅಲ್ಲ. ಎಫ್1 ಒತ್ತಿದರೆ ಬರುವ ಹೆಲ್ಪ್ ಒಂದು. ಇದು ಸಾಫ್ಟ್‌ವೇರ್ ಜೊತೆಗೇ ಬೆಳೆಯುತ್ತೆ. ಒಳಗೆ ಎಕ್ಸ್‌ಎಂಎಲ್ ಫೈಲುಗಳು, ಬದಲಾವಣೆ ಎಲ್ಲ ಗೆರಿಟ್ ಎಂಬ ರಿವ್ಯೂ ವ್ಯವಸ್ಥೆಯ ಮೂಲಕ ಹೋಗಬೇಕು. ಇನ್ನೊಂದು ಗೈಡ್ ಪುಸ್ತಕಗಳು. ಗೆಟಿಂಗ್ ಸ್ಟಾರ್ಟೆಡ್, ರೈಟರ್, ಕ್ಯಾಲ್ಕ್, ಇಂಪ್ರೆಸ್, ಡ್ರಾ, ಬೇಸ್, ಮ್ಯಾಥ್ ಹೀಗೆ ಒಂದೊಂದಕ್ಕೂ ಒಂದು. ಇವನ್ನು ಬರೆಯೋದು ಲಿಬ್ರೆಆಫೀಸ್ ರೈಟರ್‌ನಲ್ಲೇ, ಮಾಮೂಲಿ ಓಡಿಟಿ ಫೈಲಿನಲ್ಲಿ. ಒಬ್ಬೊಬ್ಬರು ಒಂದೊಂದು ಅಧ್ಯಾಯ ತೆಗೆದುಕೊಂಡು ತಿದ್ದುತ್ತಾರೆ, ಇನ್ನೊಬ್ಬರು ಓದಿ ಗುರುತು ಹಾಕುತ್ತಾರೆ. ಟ್ರ್ಯಾಕ್ ಚೇಂಜಸ್ (ತಿದ್ದಿದ್ದನ್ನು ಗುರುತು ಹಾಕಿ ತೋರಿಸೋ ಸೌಲಭ್ಯ) ಬಳಸೋಕೆ ಬಂದರೆ ಸಾಕು, ಕೋಡ್ ಬರೆಯೋರು ಬದಲಾವಣೆಗಳ ಲೆಕ್ಕ ಇಡೋಕೆ ಬಳಸೋ ಗಿಟ್ ಗೊತ್ತಿರಬೇಕಿಲ್ಲ. ಮೂರನೆಯದು ವಿಕಿ.

ನೀವು ಗೈಡ್‌ನಿಂದ ಶುರು ಮಾಡಿ. ಒಂದು ಲಾಭ ಏನೆಂದರೆ, ಪ್ರತಿ ಅಧ್ಯಾಯದ ಕಾಪಿರೈಟ್ ಪುಟದಲ್ಲಿ ಕೆಲಸ ಮಾಡಿದವರ ಹೆಸರು ಹಾಕುತ್ತಾರೆ. ಲೈಸೆನ್ಸ್ ಜಿಪಿಎಲ್ 3 ಅಥವಾ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0. ಅಂದರೆ ನಾಳೆ ಅದೇ ಅಧ್ಯಾಯ ನಿಮ್ಮ ಕಾಲೇಜಿನ ನೋಟ್ಸ್‌ಗೆ ಬೇಕಾದರೆ, ಮೂಲದ ಹೆಸರು ಹಾಕಿ ಧಾರಾಳವಾಗಿ ಬಳಸಬಹುದು.

ಫೈನಲ್ ಇಯರ್

ನಾನೂ ಈ ಥ್ರೆಡ್ ಫಾಲೋ ಮಾಡುತ್ತೇನೆ. ನನಗೂ ಓಪನ್ ಸೋರ್ಸ್ ಕಾಂಟ್ರಿಬ್ಯೂಷನ್ ಬೇಕು, ಪ್ಲೇಸ್‌ಮೆಂಟ್ ಹತ್ರ ಬರ್ತಾ ಇದೆ. ಸೀನಿಯರ್ಸ್ ಹೇಳಿದ್ದು, ರೀಡ್‌ಮಿ ಫೈಲ್‌ನಲ್ಲಿ (ಪ್ರಾಜೆಕ್ಟಿನ ಪರಿಚಯದ ಪುಟ) ಸ್ಪೆಲಿಂಗ್ ಮಿಸ್ಟೇಕ್ ಹುಡುಕಿ ಪಿಆರ್ (ಪುಲ್ ರಿಕ್ವೆಸ್ಟ್, ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕು, ಅದೂ ಡಾಕ್ಯುಮೆಂಟೇಶನ್ನೇ ಅಂತ. ಲಿಬ್ರೆಆಫೀಸ್‌ನ ಕೋಡ್ ಗಿಟ್‌ಹಬ್‌ನಲ್ಲಿ (ಕೋಡ್ ಇಟ್ಟು ಹಂಚಿಕೊಳ್ಳೋ ಸೈಟ್) ಇದೆ ನೋಡಿದೆ. ಅಲ್ಲಿ ಹಾಕಿದರೆ ಆಗುತ್ತಾ?

ಹಳೇ ಟರ್ಮಿನಲ್

ಆಗಲ್ಲ. ಗಿಟ್‌ಹಬ್‌ನಲ್ಲಿ ಇರೋದು ಬರೀ ಕನ್ನಡಿ ಪ್ರತಿ. ಅಲ್ಲಿ ಪಿಆರ್ ತೆಗೆದುಕೊಳ್ಳಲ್ಲ, ಎಲ್ಲ ಗೆರಿಟ್‌ನಲ್ಲೇ.

ಅದಿರಲಿ. ನಿಮ್ಮ ಸೀನಿಯರ್ಸ್ ಹೇಳಿದ ದಾರಿ ನಮ್ಮ ದೇಶದ ಹುಡುಗರಿಗೆ ಎಂಥ ಹೆಸರು ತಂದಿದೆ ಗೊತ್ತಾ? 2020ರ ಹ್ಯಾಕ್ಟೋಬರ್‌ಫೆಸ್ಟ್ (ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯೋ ಅಕ್ಟೋಬರ್ ತಿಂಗಳ ಕಾರ್ಯಕ್ರಮ) ನೆನಪು ಮಾಡಿಕೊಳ್ಳಿ. ನಾಲ್ಕು ಪಿಆರ್ ಹಾಕಿದರೆ ಟೀ ಶರ್ಟ್. ಒಂದು ಯೂಟ್ಯೂಬ್ ವಿಡಿಯೋ ನೋಡಿಕೊಂಡು ಸಾವಿರಾರು ಜನ ಸಿಕ್ಕ ಸಿಕ್ಕ ಪ್ರಾಜೆಕ್ಟಿನ ರೀಡ್‌ಮಿಗೆ ನುಗ್ಗಿದರು. 'ಅಮೇಜಿಂಗ್ ಪ್ರಾಜೆಕ್ಟ್' ಎಂದು ಒಂದು ಸಾಲು ಸೇರಿಸೋದು, 'ಇಂಪ್ರೂವ್ಡ್ ಡಾಕ್ಸ್' ಎಂದು ಹೆಸರಿಡೋದು. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಕೆಲಸ ಮಾಡೋ ಮೇಂಟೇನರ್‌ಗಳು (ಪ್ರಾಜೆಕ್ಟ್ ನೋಡಿಕೊಳ್ಳೋರು) ಅಕ್ಟೋಬರ್ ಮೊದಲ ವಾರ ಪೂರ್ತಿ ಕಸ ಗುಡಿಸಿದರು. ಆಯೋಜಕರಾದ ಡಿಜಿಟಲ್‌ಓಷನ್‌ನವರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು. ಪ್ರಾಜೆಕ್ಟ್‌ನವರು ತಾವಾಗಿ ಒಪ್ಪಿದರೆ ಮಾತ್ರ ಲೆಕ್ಕಕ್ಕೆ ಎಂದು ಮಾಡಿದರು. 2023ಕ್ಕೆ ಟೀ ಶರ್ಟೇ ನಿಂತುಹೋಯಿತು.

ಇಷ್ಟಾದರೂ ಬುದ್ಧಿ ಬಂತಾ? 2024ರಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ಪ್ರಾಜೆಕ್ಟಿನ ರೀಡ್‌ಮಿಗೆ ತಮ್ಮ ಹೆಸರು ಸೇರಿಸೋ ಪಿಆರ್‌ಗಳ ಮಳೆ. ಅಲ್ಲೂ ಟ್ಯುಟೋರಿಯಲ್ ವಿಡಿಯೋನೇ ಕಾರಣ. ಡಾಕ್ಯುಮೆಂಟೇಶನ್ ಅಂದರೆ ಗಿಟ್‌ಹಬ್ ಪ್ರೊಫೈಲ್‌ನಲ್ಲಿ ಸುಲಭಕ್ಕೆ ಸಿಗೋ ಹಸಿರು ಚೌಕ ಎಂದು ತಿಳಿದುಕೊಂಡಿರೋದೇ ಇದರ ಮೂಲ.

ಫೈನಲ್ ಇಯರ್

ಸರ್, ಬೈಯೋದು ಬೈಯಿರಿ. ಆದರೆ ನಮಗೆ ಕಾಲೇಜಲ್ಲಿ ಇದನ್ನ ಹೇಳಿಕೊಡೋರು ಯಾರು? ಸಿಲಬಸ್‌ನಲ್ಲಿ ಗಿಟ್ ಇಲ್ಲ. ವಿಡಿಯೋ ನೋಡೇ ಕಲಿಯಬೇಕು. ಆ ವಿಡಿಯೋದಲ್ಲಿ ಹೀಗೆ ಮಾಡಿ ಅಂದರೆ ಹೊಸಬ ಹಾಗೇ ಮಾಡ್ತಾನೆ. ತಪ್ಪು ಎಂದು ಹೇಳಿ ಬಿಟ್ಟುಬಿಟ್ಟರೆ ಆಗಲ್ಲ, ಸರಿ ಯಾವುದು ಅಂತಲೂ ಹೇಳಿ.

ಮತ್ತೆ, ನಿಜವಾದ ಸ್ಪೆಲಿಂಗ್ ತಪ್ಪು ಇದ್ದರೆ ತಿದ್ದೋದರಲ್ಲಿ ಏನು ತೊಂದರೆ?

ಅನುವಾದದ ಅಡ್ಡ

ಆ ಕೊನೆ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಇದು ಹೊರಗಿನವರಿಗೆ ಕಾಣದ ವಿಷಯ.

ನಾನು ಅನುವಾದದ ಕಡೆ ಇರೋನು. ಲಿಬ್ರೆಆಫೀಸ್ ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಸಿಗುತ್ತೆ, ಕನ್ನಡವೂ ಸೇರಿ. ಅನುವಾದ ನಡೆಯೋದು ವೆಬ್ಲೇಟ್ ಎಂಬ ಸೈಟಿನಲ್ಲಿ. ಮೆನು ಹೆಸರು, ಹೆಲ್ಪ್ ಪುಟದ ಪ್ಯಾರಾ ಎಲ್ಲ ಅಲ್ಲಿ ತುಂಡು ತುಂಡಾಗಿ ಬರುತ್ತೆ. ಒಂದು ಪ್ಯಾರಾ ಒಂದು ತುಂಡು ಎಂದುಕೊಳ್ಳಿ. ಅನುವಾದ ಆದ ತುಂಡು ಅದರ ಇಂಗ್ಲಿಷ್ ಮೂಲಕ್ಕೆ ಕಟ್ಟಿಕೊಂಡಿರುತ್ತೆ. ಈಗ ಯಾರೋ ಇಂಗ್ಲಿಷ್ ಪ್ಯಾರಾದಲ್ಲಿ ಒಂದು ಕಾಮಾ ಸೇರಿಸಿದರು ಎಂದಿಟ್ಟುಕೊಳ್ಳಿ. ಮೂಲ ಬದಲಾಯಿತು. ಆ ತುಂಡನ್ನು ಅನುವಾದ ಮಾಡಿದ್ದ ಭಾಷೆಗಳಲ್ಲೆಲ್ಲ 'ಮತ್ತೆ ನೋಡಿ' ಎಂಬ ಗುರುತು ಬೀಳುತ್ತೆ. ಜರ್ಮನ್‌ನವರು ನೋಡಬೇಕು, ಜಪಾನಿನವರು ನೋಡಬೇಕು, ನಮ್ಮವರೂ ನೋಡಬೇಕು. ಅರ್ಥ ಏನೂ ಬದಲಾಗಿಲ್ಲ, ಆದರೆ ಒಬ್ಬ ಮನುಷ್ಯ ಕೂತು ನೋಡಿ ಓಕೆ ಒತ್ತೋವರೆಗೂ ಆ ತುಂಡು ಬಾಕಿ.

ಹಾಗಂತ ತಪ್ಪು ತಿದ್ದಲೇಬಾರದು ಎಂದಲ್ಲ. ಓದುಗನ ದಾರಿ ತಪ್ಪಿಸೋ ತಪ್ಪು ತಿದ್ದಿ. ಒಂದು ಪುಟ ಹೇಗೂ ಸರಿ ಮಾಡುತ್ತಿದ್ದರೆ ಅದರ ಜೊತೆ ಕಾಮಾನೂ ಸರಿ ಮಾಡಿ. ಬರೀ ಕಾಮಾಗೋಸ್ಕರ ಪ್ಯಾಚ್ (ತಿದ್ದುಪಡಿ) ಕಳಿಸೋದು ಬೇಡ.

ಟೆಕ್‌ರೈಟರ್ ಅಕ್ಕ

ಇದು ನನಗೆ ಸೇರಿದ ಮೊದಲ ವರ್ಷ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಫೈನಲ್ ಇಯರ್ ಕೇಳಿದ್ದಕ್ಕೆ. 2017ರಲ್ಲಿ ಗಿಟ್‌ಹಬ್ ಒಂದು ದೊಡ್ಡ ಸಮೀಕ್ಷೆ ಮಾಡಿತ್ತು. ಅರೆಬರೆ ಅಥವಾ ಹಳತಾದ ಡಾಕ್ಯುಮೆಂಟೇಶನ್‌ನ ತೊಂದರೆ ಕಂಡಿದ್ದೇವೆ ಎಂದು 93% ಜನ ಹೇಳಿದ್ದರು. ಅದೇ ಸಮೀಕ್ಷೆಯಲ್ಲಿ, ಕಾಂಟ್ರಿಬ್ಯೂಟ್ ಮಾಡೋರ ಪೈಕಿ 60% ಜನ ಡಾಕ್ಯುಮೆಂಟೇಶನ್ ಕಡೆ ತಲೆ ಹಾಕೋದೇ ಅಪರೂಪ ಅಥವಾ ಇಲ್ಲ ಎಂದಿದ್ದರು. ಗಮನಿಸಿ, ಅರೆಬರೆ ಮತ್ತು ಹಳತು. ಸ್ಪೆಲಿಂಗ್ ಬಗ್ಗೆ ಯಾರೂ ಅತ್ತಿಲ್ಲ.

ಹಳತಾಗೋದು ಹೇಗೆ? ಲಿಬ್ರೆಆಫೀಸ್ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಬಿಡುತ್ತೆ, ಫೆಬ್ರವರಿ ಮತ್ತು ಆಗಸ್ಟ್. 2023ರ ಆಗಸ್ಟ್‌ನಲ್ಲಿ 7.6 ಬಂತು, ಆಮೇಲೆ ವರ್ಷ-ತಿಂಗಳ ಲೆಕ್ಕಕ್ಕೆ ಹೋಗಿ 2024ರ ಫೆಬ್ರವರಿ ಲೆಕ್ಕದ್ದು (ಬಂದದ್ದು ಜನವರಿ ಕೊನೆಗೆ) 24.2 ಆಯಿತು. ಪ್ರತಿ ಸಲ ಒಂದಿಷ್ಟು ಮೆನು ಹೆಸರು ಬದಲಾಗುತ್ತೆ, ಒಂದು ಡೈಲಾಗ್ ಜಾಗ ಬದಲಿಸುತ್ತೆ, ಚಿತ್ರಗಳು ಹಳತಾಗುತ್ತವೆ. ಪುಸ್ತಕ ಬರೆಯೋರು ಬೆರಳೆಣಿಕೆ. ಹಾಗಾಗಿ ಗೈಡ್ ಯಾವಾಗಲೂ ಸಾಫ್ಟ್‌ವೇರ್‌ಗಿಂತ ಹಿಂದೆ.

ಮಾಡಬೇಕಾದ್ದು ಬೋರಿಂಗ್ ಕೆಲಸ. ಹೊಸ ಆವೃತ್ತಿ ಹಾಕಿಕೊಳ್ಳಿ. ಸಾಧ್ಯವಾದರೆ ಕಂಪ್ಯೂಟರಿನಲ್ಲಿ ಹೊಸ ಯೂಸರ್ ಅಕೌಂಟ್ ಮಾಡಿ, ಯಾಕೆಂದರೆ ನಿಮ್ಮ ಹಳೇ ಸೆಟ್ಟಿಂಗ್ ನಿಮಗೇ ಗೊತ್ತಿಲ್ಲದೆ ಸಹಾಯ ಮಾಡ್ತಾ ಇರುತ್ತೆ. ಒಂದು ಅಧ್ಯಾಯ ತೆಗೆದು ಅದರಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾ ಹೋಗಿ. ಜಾಣತನ ಬಳಸಬೇಡಿ. ಪುಟದಲ್ಲಿ ಇಲ್ಲದ್ದನ್ನು ಊಹಿಸಿ ಮುಂದೆ ಹೋದರೆ ಅಲ್ಲೇ ನಿಲ್ಲಿ, ಆ ಜಾಗ ಗುರುತು ಮಾಡಿ. ಎಲ್ಲಿ ನಿಮಗೆ 'ಇದೆಲ್ಲಿದೆ?' ಅನಿಸಿತೋ ಅದೇ ನಿಮ್ಮ ಕಾಂಟ್ರಿಬ್ಯೂಷನ್.

ಮೇಷ್ಟ್ರೇ, ನಿಮ್ಮಂಥವರೇ ಬೇಕು ಎಂದಿದ್ದು ಇದಕ್ಕೇ. ಹತ್ತು ವರ್ಷದಿಂದ ಅದರಲ್ಲೇ ಇರೋ ಡೆವಲಪರ್‌ಗೆ ಎಲ್ಲೂ ತೊಡಕಾಗಲ್ಲ. ಅವನಿಗೆ ಪುಟದಲ್ಲಿ ಏನು ಬಿಟ್ಟುಹೋಗಿದೆ ಅನ್ನೋದೇ ಕಾಣಲ್ಲ. ನಿಮಗೆ ಕಾಣುತ್ತೆ. ನಿಮ್ಮ ಗುಮಾಸ್ತರಿಗೆ ಇನ್ನೂ ಚೆನ್ನಾಗಿ ಕಾಣುತ್ತೆ.

ಕಾಮರ್ಸ್ ಮೇಷ್ಟ್ರು, ದಾವಣಗೆರೆ

ಹಾಗಾದರೆ ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ತೊಡಕಾಗೋ ಒಂದನ್ನು ಇಲ್ಲೇ ಇಡುತ್ತೇನೆ. ಇದು ಹಿಡಿದುಕೊಂಡು ಶುರು ಮಾಡಬಹುದಾ ಹೇಳಿ.

ಆಫೀಸಿನಲ್ಲಿ ಸುತ್ತೋಲೆ ಟೈಪ್ ಮಾಡುತ್ತಾರೆ. ಕನ್ನಡದ ನಡುವೆ ಇಂಗ್ಲಿಷ್ ಪದ ಇರುತ್ತವೆ. ತಲೆಬರಹ ದಪ್ಪ ಆಗಬೇಕು ಎಂದು ಹೆಡಿಂಗ್ ಸ್ಟೈಲ್ ತೆರೆದು ಸೈಜ್ 18, ಬೋಲ್ಡ್ ಎಂದು ಕೊಡುತ್ತಾರೆ. ಓಕೆ ಒತ್ತಿದರೆ ಇಂಗ್ಲಿಷ್ ಅಕ್ಷರ ಮಾತ್ರ 18 ಆಗುತ್ತೆ. ಕನ್ನಡ ಇದ್ದ ಹಾಗೇ. ಪಠ್ಯ ಸೆಲೆಕ್ಟ್ ಮಾಡಿ ಮೇಲಿನ ಟೂಲ್‌ಬಾರ್‌ನಿಂದ ಬದಲಿಸಿದರೆ ಆಗುತ್ತೆ, ಸ್ಟೈಲ್‌ನಿಂದ ಆಗಲ್ಲ. 'ಸಾರ್, ಇದಕ್ಕೆ ಕನ್ನಡ ಬರಲ್ಲ' ಎಂದು ತೀರ್ಮಾನ ಮಾಡಿಬಿಡುತ್ತಾರೆ.

ಕಾರಣ ನನಗೆ ಗೊತ್ತಾಗೋಕೆ ಬಹಳ ಕಾಲ ಹಿಡಿಯಿತು. ಲಿಬ್ರೆಆಫೀಸ್ ಲಿಪಿಗಳನ್ನು ಮೂರು ಗುಂಪು ಮಾಡಿದೆ: ವೆಸ್ಟರ್ನ್, ಏಷ್ಯನ್, ಕಾಂಪ್ಲೆಕ್ಸ್. ಏಷ್ಯನ್ ಅಂದರೆ ಚೀನಿ, ಜಪಾನಿ, ಕೊರಿಯನ್ ಮಾತ್ರ. ಕನ್ನಡ ಇರೋದು ಅರೇಬಿಕ್, ಹೀಬ್ರೂ, ಥಾಯ್ ಜೊತೆಗೆ ಕಾಂಪ್ಲೆಕ್ಸ್‌ನಲ್ಲಿ. ಒಂದೊಂದು ಗುಂಪಿಗೂ ಫಾಂಟ್ ಬೇರೆ, ಸೈಜ್ ಬೇರೆ, ಬೋಲ್ಡ್ ಕೂಡ ಬೇರೆ. ಆಪ್ಷನ್ಸ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕದಿದ್ದರೆ ಸ್ಟೈಲ್‌ನಲ್ಲಿ ಆ ಭಾಗ ಕಣ್ಣಿಗೇ ಬೀಳಲ್ಲ. ಗುಮಾಸ್ತರು ಬದಲಿಸುತ್ತಿದ್ದದ್ದು ವೆಸ್ಟರ್ನ್ ಫಾಂಟಿನ ಸೈಜ್.

ಈ ಟಿಕ್ ಮಾರ್ಕಿನ ಬಗ್ಗೆ ಹೆಲ್ಪ್‌ನಲ್ಲಿ ಪುಟ ಇದೆ. ಆದರೆ ಅದನ್ನು ಹುಡುಕಬೇಕಾದರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಹೆಸರು ಮೊದಲೇ ಗೊತ್ತಿರಬೇಕು. ಕನ್ನಡ ಟೈಪ್ ಮಾಡೋ ಮನುಷ್ಯನಿಗೆ ತನ್ನ ಭಾಷೆ ಕಾಂಪ್ಲೆಕ್ಸ್ ಎಂದು ಯಾಕೆ ಹೊಳೆಯಬೇಕು?

ಟೆಕ್‌ರೈಟರ್ ಅಕ್ಕ

ಬೇರೇನೂ ಹುಡುಕಬೇಡಿ ಸರ್. ಇದನ್ನೇ ಹಿಡಿಯಿರಿ. ಇದು ಕನ್ನಡದ್ದಷ್ಟೇ ಅಲ್ಲ, ತಮಿಳು, ತೆಲುಗು, ಹಿಂದಿ, ಬಂಗಾಳಿ ಎಲ್ಲರದೂ.

ಹುಬ್ಬಳ್ಳಿ ಮಂದಿ

ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ. ನನ್ನದೊಂದು ತಕರಾರು ಇದೆ. ನಾವು ಕನ್ನಡದವರು ಕೂತು ಇಂಗ್ಲಿಷ್ ಗೈಡ್ ಯಾಕೆ ತಿದ್ದಬೇಕು? ಆ ಶಕ್ತಿನೆಲ್ಲ ಕನ್ನಡದಲ್ಲೇ ಬರೆಯೋಕೆ ಹಾಕಬಾರದಾ? ಪಕ್ಕದ ಕೇರಳ ನೋಡಿ. ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧಾರಿತ ಸಿಸ್ಟಂ, ಲಿಬ್ರೆಆಫೀಸ್ ಎಲ್ಲ ಪಾಠದಲ್ಲೇ ಇದೆ. ಮಲಯಾಳಂನಲ್ಲೇ ಪುಸ್ತಕ ಇದೆ. ನಮ್ಮಲ್ಲಿ ಇನ್ನೂ 'ನುಡಿ ಸಾಫ್ಟ್‌ವೇರ್ ಇದೆಯಾ' ಎಂದು ಕೇಳೋದು ಬಿಟ್ಟಿಲ್ಲ.

ಅನುವಾದದ ಅಡ್ಡ

ನಿಮ್ಮ ಸಿಟ್ಟು ಸರಿ. ಆದರೆ ಹೆಲ್ಪ್ ಪೂರ್ತಿ ಕನ್ನಡಕ್ಕೆ ತರೋದು ಎಂದರೆ ಎಷ್ಟು ಕೆಲಸ ಎಂಬ ಅಂದಾಜು ಇರಲಿ. ಕಾಲಕ್ಕೊಮ್ಮೆ ಉತ್ಸಾಹದಿಂದ ಶುರು ಮಾಡಿ, ಅರ್ಧಕ್ಕೆ ನಿಂತು, ಮೂಲ ಬದಲಾಗಿ, ಮಾಡಿದ್ದೂ ಬಾಕಿ ಪಟ್ಟಿಗೆ ವಾಪಸ್ ಬರೋದನ್ನ ಕಣ್ಣಾರೆ ನೋಡಿದ್ದೇನೆ. ನೂರಾರು ಪುಟದ ಬೇಸ್ ಗೈಡ್ ಕನ್ನಡಕ್ಕೆ ಬಂದರೆ ಓದೋರು ಎಷ್ಟು ಜನ? ಆದರೆ ಸುತ್ತೋಲೆ ಟೈಪ್ ಮಾಡೋದು, ಪೇಜ್ ನಂಬರ್, ಅಂಕಪಟ್ಟಿ, ಪಿಡಿಎಫ್ ಮಾಡೋದು, ಇವಿಷ್ಟು ಚೆನ್ನಾಗಿ ಬಂದರೆ ಓದುತ್ತಾರೆ.

ನನ್ನ ಅಭಿಪ್ರಾಯ ಇಷ್ಟು. ಮೂಲದಲ್ಲಿ ತೂತು ಇದ್ದರೆ ಮೂಲ ಸರಿ ಮಾಡಿ, ಅದು ಎಲ್ಲ ಭಾಷೆಗೂ ಹೋಗುತ್ತೆ. ನಮ್ಮ ಜನಕ್ಕೇ ಬೇಕಾದ್ದನ್ನು ಇಂಗ್ಲಿಷಿನಿಂದ ಅನುವಾದ ಮಾಡದೆ ಕನ್ನಡದಲ್ಲೇ ಹೊಸದಾಗಿ ಬರೆಯಿರಿ. ಜರ್ಮನಿಯ ಸುತ್ತೋಲೆಗೂ ನಮ್ಮ ಸುತ್ತೋಲೆಗೂ ಏನು ಸಂಬಂಧ?

ಹುಬ್ಬಳ್ಳಿ ಮಂದಿ

ಇದು ಒಪ್ಪುವಂಥ ಮಾತು. ಅಂಕಪಟ್ಟಿದು ನಾನು ಬರೆಯುತ್ತೇನೆ. ಕ್ಯಾಲ್ಕ್‌ನಲ್ಲಿ ದಿನಾ ಅದೇ ಕೆಲಸ.

ಮ್ಯೂನಿಕ್ ಮಾವಳ್ಳಿ

ಇಲ್ಲಿ ಜರ್ಮನಿಯಿಂದ ಎರಡು ಮಾತು. ಲಿಬ್ರೆಆಫೀಸ್ ನಡೆಸೋ ಡಾಕ್ಯುಮೆಂಟ್ ಫೌಂಡೇಶನ್ ನೋಂದಣಿ ಆಗಿರೋದು ಬರ್ಲಿನ್‌ನಲ್ಲಿ, 2012ರಲ್ಲಿ. 2010ರಲ್ಲಿ ಓಪನ್ಆಫೀಸ್‌ನಿಂದ ಬೇರೆಯಾಗಿ ಹೊರಬಂದ ಗುಂಪು ಇದು. ಇದರಲ್ಲಿ ಜರ್ಮನ್‌ನವರು ಬಹಳ ಇದ್ದಾರೆ. ಬ್ರೆಜಿಲ್‌ನವರೂ ಚೆನ್ನಾಗಿ ಕೆಲಸ ಮಾಡುತ್ತಾರೆ. ಹೇಳೋಕೆ ಹೊರಟಿದ್ದು ಏನೆಂದರೆ, ಇಂಗ್ಲಿಷ್ ಸಾಧಾರಣ ಎಂದು ಮೇಷ್ಟ್ರು ಹಿಂಜರಿಯೋದು ಬೇಡ. ಅಲ್ಲಿರೋರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಎರಡನೇ ಭಾಷೆ. ಒಂದು ವಾಕ್ಯಕ್ಕೆ ಒಂದು ಕೆಲಸ, ಸಣ್ಣ ವಾಕ್ಯ, ಅಷ್ಟೇ ಸಾಕು. ಅಲಂಕಾರದ ಇಂಗ್ಲಿಷ್ ಬರೆದರೆ ಅನುವಾದ ಮಾಡೋರು ಬೈತಾರೆ.

ಲೈಸೆನ್ಸ್ ಬಗ್ಗೆ ಒಂದು ಸಣ್ಣ ವಿಧಿ ಇದೆ. ಹೆಲ್ಪ್‌ಗೆ ಪ್ಯಾಚ್ ಕಳಿಸೋದಾದರೆ, ನನ್ನ ಕೆಲಸವನ್ನು ಎಂಪಿಎಲ್ 2 ಮತ್ತು ಎಲ್‌ಜಿಪಿಎಲ್ 3 ಎಂಬ ಮುಕ್ತ ಲೈಸೆನ್ಸ್‌ಗಳ ಅಡಿಯಲ್ಲಿ ಕೊಡುತ್ತೇನೆ ಎಂದು ಮೇಲಿಂಗ್ ಲಿಸ್ಟ್‌ಗೆ (ತಂಡದ ಎಲ್ಲರಿಗೂ ಒಟ್ಟಿಗೆ ಹೋಗೋ ಇಮೇಲ್) ಒಂದು ಸಾಲು ಬರೆದು ಕಳಿಸಬೇಕು. ಒಂದೇ ಸಲ. ಅದನ್ನು ಮೊದಲೇ ಮುಗಿಸಿಕೊಳ್ಳಿ.

ಕಾಫಿ ಡೇ ಕೋಡರ್

ಎಲ್ಲರೂ ಇಷ್ಟು ಕಷ್ಟ ಯಾಕೆ ಪಡ್ತೀರಿ? ಎಐಗೆ ಹೇಳಿದರೆ ಎರಡು ನಿಮಿಷದಲ್ಲಿ ಗೈಡ್ ಬರೆದುಕೊಡುತ್ತೆ. ಕನ್ನಡದಲ್ಲೂ ಕೊಡುತ್ತೆ.

ಹಳೇ ಟರ್ಮಿನಲ್

ಕೊಡುತ್ತೆ. ಇಲ್ಲದ ಮೆನುವಿಗೂ ದಾರಿ ಹೇಳಿಕೊಡುತ್ತೆ.

ಟೆಕ್‌ರೈಟರ್ ಅಕ್ಕ

ನಾನು ಕೆಲಸದಲ್ಲಿ ಬಳಸುತ್ತೇನೆ, ಹಾಗಾಗಿ ಪೂರ್ತಿ ಬೇಡ ಎನ್ನಲ್ಲ. ಬರೆದ ಇಂಗ್ಲಿಷ್ ತಿದ್ದಿಸಿಕೊಳ್ಳೋಕೆ ಚೆನ್ನಾಗಿದೆ. ಆದರೆ ಮೇಷ್ಟ್ರ ವಿಷಯವನ್ನೇ ತೆಗೆದುಕೊಳ್ಳಿ. ಹಳೇ ಆವೃತ್ತಿಗಳಲ್ಲಿ ಆ ಟಿಕ್ ಮಾರ್ಕ್ ಇದ್ದದ್ದು 'ಲ್ಯಾಂಗ್ವೇಜ್ ಸೆಟ್ಟಿಂಗ್ಸ್' ಕೆಳಗೆ. ಈಗ 'ಲ್ಯಾಂಗ್ವೇಜಸ್ ಆಂಡ್ ಲೊಕೇಲ್ಸ್' ಕೆಳಗೆ. ಇಂಟರ್ನೆಟ್ಟಿನಲ್ಲಿ ಹದಿನೈದು ವರ್ಷದ ಹಳೇ ಹೆಸರಿನ ಪುಟಗಳೇ ತುಂಬಿವೆ. ಅದು ಎರಡನ್ನೂ ಬೆರೆಸಿ ಧೈರ್ಯವಾಗಿ ಹೇಳುತ್ತೆ. ಮುಂದೆ ಕೂತು ಕ್ಲಿಕ್ ಮಾಡಿ ನೋಡೋ ಕೆಲಸ ಮನುಷ್ಯರದೇ. ಡಾಕ್ಯುಮೆಂಟೇಶನ್‌ನಲ್ಲಿ ಬರೆಯೋದು ಸಣ್ಣ ಭಾಗ, ಜಾಸ್ತಿ ಸಮಯ ಹೋಗೋದು ನೋಡೋದರಲ್ಲಿ.

ಕಾಫಿ ಡೇ ಕೋಡರ್

ಸರಿ ಸರಿ. ನಾನು ಹಿಂದೊಮ್ಮೆ ಬೇರೊಂದು ಪ್ರಾಜೆಕ್ಟಿಗೆ ನಿಯತ್ತಾಗಿ ಡಾಕ್ಯುಮೆಂಟೇಶನ್ ಪಿಆರ್ ಕಳಿಸಿದ್ದೆ. ಕೂತು ಬರೆದದ್ದು, ಟೆಸ್ಟ್ ಮಾಡಿದ್ದು. ತಿಂಗಳುಗಟ್ಟಲೆ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಒಂದು ಬಾಟ್ (ತಾನಾಗೇ ಕೆಲಸ ಮಾಡೋ ಪ್ರೋಗ್ರಾಂ) ಬಂದು 'ಚಟುವಟಿಕೆ ಇಲ್ಲ' ಎಂದು ಮುಚ್ಚಿತು. ಅವತ್ತೇ ಕೈ ಬಿಟ್ಟೆ. ಅದಕ್ಕೇ ಈ ವಿಷಯ ಬಂದರೆ ಸ್ವಲ್ಪ ಉರಿಯುತ್ತೆ.

ಹಳೇ ಟರ್ಮಿನಲ್

ಇದು ಎಲ್ಲರಿಗೂ ಆಗಿದೆ. ನಾನು ಒಂದು ಸಣ್ಣ ಕೋಡ್ ಲೈಬ್ರರಿ ನೋಡಿಕೊಳ್ಳುತ್ತೇನೆ, ಆ ಕಡೆಯಿಂದ ಹೇಳುತ್ತೇನೆ. ಡಾಕ್ಯುಮೆಂಟೇಶನ್ ಪಿಆರ್ ರಿವ್ಯೂ ಮಾಡೋದು ಕೋಡ್‌ಗಿಂತ ಕಷ್ಟ. ಕೋಡ್‌ಗೆ ಟೆಸ್ಟ್ ಓಡುತ್ತೆ, ಹಸಿರೋ ಕೆಂಪೋ ಗೊತ್ತಾಗುತ್ತೆ. ಬರಹಕ್ಕೆ ಯಾವ ಟೆಸ್ಟ್? ನಾನೇ ಓದಬೇಕು, ಹೇಳಿದ್ದು ನಿಜವಾ ಎಂದು ನಾನೇ ಮಾಡಿ ನೋಡಬೇಕು. ಇಪ್ಪತ್ತು ಫೈಲ್ ಬದಲಿಸಿದ ಪಿಆರ್ ಬಂದರೆ ಭಾನುವಾರ ನೋಡೋಣ ಎಂದು ಮುಂದಕ್ಕೆ ಹಾಕುತ್ತೇನೆ. ಆ ಭಾನುವಾರ ಬರಲ್ಲ.

ಅದಕ್ಕೆ, ಪ್ರಾಜೆಕ್ಟಿಗೆ ಕೈ ಹಾಕೋ ಮುಂಚೆ ಹಿಂದಿನ ಕೆಲವು ತಿಂಗಳಲ್ಲಿ ಹೊರಗಿನವರ ಡಾಕ್ಯುಮೆಂಟೇಶನ್ ಬದಲಾವಣೆ ಒಳಗೆ ಹೋಗಿದೆಯಾ ನೋಡಿ. ಹೋಗಿಲ್ಲ ಎಂದರೆ ನಿಮ್ಮದೂ ಹೋಗಲ್ಲ. ಒಂದು ಸಲಕ್ಕೆ ಒಂದೇ ವಿಷಯ ಕಳಿಸಿ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಮಾಡಿ ನೋಡಿದೆ, ಮೊದಲು ಏನಾಗುತ್ತಿತ್ತು ಎಂದು ಮೂರು ಸಾಲು ಬರೆಯಿರಿ. ಆ ಮೂರು ಸಾಲು ಇದ್ದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಎರಡು ವಾರ ಸದ್ದಿಲ್ಲದಿದ್ದರೆ ಒಂದು ಸಲ ಮೆಲ್ಲಗೆ ನೆನಪಿಸಿ. ದಿನಾ ಬೇಡ.

ಫೈನಲ್ ಇಯರ್ ತಮ್ಮಾ, ನಿನಗೆ ಗಿಟ್‌ಹಬ್‌ನಲ್ಲೇ ಬೇಕು ಎಂದರೆ ಎಂಡಿಎನ್ (ವೆಬ್ ತಂತ್ರಜ್ಞಾನದ ಡಾಕ್ಯುಮೆಂಟೇಶನ್ ಸೈಟ್) ನೋಡು. ವೆಬ್ ಡೆವಲಪ್‌ಮೆಂಟ್‌ಗೆ ದಿನಾ ಓದ್ತೀಯಲ್ಲ, ಅದೇ. 2020ರ ಕೊನೆಯಿಂದ ಅದರ ಪುಟಗಳೆಲ್ಲ ಗಿಟ್‌ಹಬ್‌ನಲ್ಲೇ ಇವೆ. ಪ್ರತಿ ಪುಟದ ಕೆಳಗೆ ಮೂಲ ಫೈಲ್‌ಗೆ ಲಿಂಕ್ ಇರುತ್ತೆ. ಉದಾಹರಣೆ ಕೋಡ್ ಓಡದಿದ್ದರೆ ಸರಿ ಮಾಡು. ಸಂದರ್ಶನದಲ್ಲಿ ಕೇಳಿದರೆ ಯಾಕೆ ಓಡುತ್ತಿರಲಿಲ್ಲ ಎಂದು ಹೇಳೋಕೆ ನಿನಗೆ ಬಾಯಿ ಇರುತ್ತೆ. ರೀಡ್‌ಮಿಯ ಒಂದು ಸಾಲಿಗೆ ಆ ಬಾಯಿ ಇರಲ್ಲ.

ಫೈನಲ್ ಇಯರ್

ಇದು ಅರ್ಥ ಆಯಿತು ಸರ್. ಸಿಎಸ್‌ಎಸ್ ಗ್ರಿಡ್ (ವೆಬ್ ಪುಟದ ಭಾಗಗಳನ್ನು ಜೋಡಿಸೋ ವಿಧಾನ) ಓದುವಾಗ ಒಂದು ಕಡೆ ಕನ್ಫ್ಯೂಸ್ ಆಗಿದ್ದೆ, ಅದನ್ನೇ ಮತ್ತೆ ತೆಗೆದು ನೋಡುತ್ತೇನೆ. ಪಿಆರ್ ಹಾಕೋ ಮುಂಚೆ ಇಲ್ಲಿ ತೋರಿಸಲಾ?

ಹಳೇ ಟರ್ಮಿನಲ್

ತೋರಿಸು.

ಕಾಮರ್ಸ್ ಮೇಷ್ಟ್ರು, ದಾವಣಗೆರೆ

ಡಾಕ್ಯುಮೆಂಟೇಶನ್ ತಂಡದ ಮೇಲಿಂಗ್ ಲಿಸ್ಟ್‌ಗೆ ಬರೆದಿದ್ದೆ. ಪ್ರೀತಿಯಿಂದ ಉತ್ತರ ಬಂತು. ಬಗ್‌ಝಿಲ್ಲಾ ಎಂಬ ದೂರು ದಾಖಲಿಸೋ ಸೈಟಿನಲ್ಲಿ ಡಾಕ್ಯುಮೆಂಟೇಶನ್ ವಿಭಾಗಕ್ಕೆ ಒಂದು ಬಗ್ ಹಾಕಿ, ಅದರಲ್ಲೇ ನಿಮ್ಮ ಪ್ರಸ್ತಾಪ ಬರೆಯಿರಿ ಎಂದರು. ಬಗ್ ಅಂದರೆ ಸಾಫ್ಟ್‌ವೇರ್ ಕೆಟ್ಟರೆ ಮಾತ್ರ ಹಾಕೋದು ಎಂದುಕೊಂಡಿದ್ದೆ. ಪುಟದಲ್ಲಿ ವಿಷಯ ಬಿಟ್ಟುಹೋಗಿದ್ದರೂ ಬಗ್ಗೇ ಅಂತೆ.

ಇಂಗ್ಲಿಷಿನದು ಬರೆಯುತ್ತಿದ್ದೇನೆ. ಅದಕ್ಕೆ ಮುಂಚೆ ಕನ್ನಡದ್ದು ತಲೆಯಲ್ಲಿ ಸಿದ್ಧ ಇತ್ತು, ಹಾಗಾಗಿ ಇದನ್ನು ಮೊದಲು ನೋಡಿ:

'ಸ್ಟೈಲ್‌ನಲ್ಲಿ ಫಾಂಟ್ ಅಥವಾ ಸೈಜ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗದಿದ್ದರೆ ಹೀಗೆ ಮಾಡಿ. ಟೂಲ್ಸ್ ಮೆನುವಿನಲ್ಲಿ ಆಪ್ಷನ್ಸ್ ತೆರೆಯಿರಿ. ಎಡಗಡೆ ಲ್ಯಾಂಗ್ವೇಜಸ್ ಆಂಡ್ ಲೊಕೇಲ್ಸ್ ಕೆಳಗೆ ಜನರಲ್ ಆರಿಸಿ. ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರಿನ ಚೌಕಕ್ಕೆ ಟಿಕ್ ಹಾಕಿ. ಪಕ್ಕದ ಪಟ್ಟಿಯಲ್ಲಿ ಕನ್ನಡ ಆರಿಸಿ, ಓಕೆ ಒತ್ತಿ. ಈಗ ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ಹೆಡಿಂಗ್ 1 ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಸ್ಟೈಲ್ ಒತ್ತಿ. ಫಾಂಟ್ ಟ್ಯಾಬ್‌ನಲ್ಲಿ ಕಾಂಪ್ಲೆಕ್ಸ್ ಭಾಗಕ್ಕೆ ಹೋಗಿ. ಅಲ್ಲಿ ನೋಟೊ ಸಾನ್ಸ್ ಕನ್ನಡ, ಬೋಲ್ಡ್, 18 ಆರಿಸಿ. ಇಂಗ್ಲಿಷ್ ಅಕ್ಷರವೂ ಅಷ್ಟೇ ದೊಡ್ಡದಾಗಬೇಕಾದರೆ ವೆಸ್ಟರ್ನ್ ಭಾಗದಲ್ಲೂ ಅದನ್ನೇ ಮಾಡಿ.'

ನಮ್ಮ ಗುಮಾಸ್ತರೊಬ್ಬರ ಕೈಗೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ನಿಂತೆ. ಮಾಡಿ ಮುಗಿಸಿದರು. 'ಎಡಗಡೆ' ಎಂದು ಸೇರಿಸಿದ್ದು ಅವರು ತಡವರಿಸಿದ ಮೇಲೆ.

ಹುಬ್ಬಳ್ಳಿ ಮಂದಿ

ನಮ್ಮ ಆಫೀಸಿನ ಹಳೇ ಮಷಿನ್‌ನಲ್ಲಿ ಮಾಡಿ ನೋಡಿದೆ. ಉಬುಂಟು 20.04, ಲಿಬ್ರೆಆಫೀಸ್ 6.4. ಮೊದಲನೇ ಮೆಟ್ಟಿಲಲ್ಲೇ ನಿಂತೆ. ಇಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ಕೆಳಗೆ ಲ್ಯಾಂಗ್ವೇಜಸ್ ಅಂತಿದೆ. ರೈಟ್ ಕ್ಲಿಕ್ ಮಾಡಿದರೆ ಎಡಿಟ್ ಸ್ಟೈಲ್ ಇಲ್ಲ, ಮಾಡಿಫೈ ಇದೆ. ಫಾಂಟ್ ಟ್ಯಾಬ್‌ನಲ್ಲಿ ಕಾಂಪ್ಲೆಕ್ಸ್ ಎಂದಿಲ್ಲ, ಕೆಳಗೆ ಸಿಟಿಎಲ್ (ಅದೇ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಫಾಂಟ್ ಎಂದಿದೆ. ಸರ್ಕಾರಿ ಕಚೇರಿಗಳಲ್ಲಿ ಇಂಥ ಹಳೇವೇ ಜಾಸ್ತಿ.

ಇನ್ನೊಂದು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿಗೆ ಇದು ಕೆಲಸ ಮಾಡಲ್ಲ. ಅದು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡೋ ವ್ಯವಸ್ಥೆ) ಅಲ್ಲವಲ್ಲ, ಲಿಬ್ರೆಆಫೀಸ್ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರವೇ. ಅಲ್ಲಿ ವೆಸ್ಟರ್ನ್ ಭಾಗದಲ್ಲೇ ಬದಲಿಸಬೇಕು. ಜನ ಬೆರೆಸಿಕೊಳ್ಳುತ್ತಾರೆ ನೋಡಿ.

ಅನುವಾದದ ಅಡ್ಡ

ಈ ನುಡಿ ವಿಷಯ ಭಾರಿ ಮುಖ್ಯ. ಆದರೆ ಈ ಪುಟಕ್ಕೆ ತುರುಕಬೇಡಿ. 'ನಿಮ್ಮ ಫೈಲ್ ಯೂನಿಕೋಡ್ ಆಗಿದ್ದರೆ ಮಾತ್ರ' ಎಂದು ಮೊದಲ ಸಾಲಿನಲ್ಲಿ ಹೇಳಿ, ಕನ್ವರ್ಟ್ ಮಾಡೋದಕ್ಕೆ ಬೇರೆ ಪುಟ ಮಾಡಿ.

ಮ್ಯೂನಿಕ್ ಮಾವಳ್ಳಿ

ಮ್ಯಾಕ್‌ನಲ್ಲಿ ಟೂಲ್ಸ್ ಕೆಳಗೆ ಆಪ್ಷನ್ಸ್ ಇರಲ್ಲ, ಲಿಬ್ರೆಆಫೀಸ್ ಹೆಸರಿನ ಮೆನುವಿನಲ್ಲಿ ಪ್ರಿಫರೆನ್ಸಸ್ ಅಂತ ಇರುತ್ತೆ. ಹೆಲ್ಪ್ ಫೈಲ್‌ಗಳಲ್ಲಿ ಇದಕ್ಕೆಂದೇ ವ್ಯವಸ್ಥೆ ಇದೆ, ಓದೋರ ಸಿಸ್ಟಂ ನೋಡಿ ಸರಿಯಾದ ಹೆಸರು ತೋರಿಸುತ್ತೆ. ಕನ್ನಡ ಪುಟದಲ್ಲಿ ನೀವೇ ಒಂದು ಸಾಲು ಸೇರಿಸಬೇಕು. ವಿಂಡೋಸ್‌ನಲ್ಲಿ ನೋಟೊ ಫಾಂಟ್ ಇರದಿದ್ದರೆ ನಿರ್ಮಲಾ ಯುಐ ಅಥವಾ ತುಂಗಾ ಎಂದೂ ಹಾಕಿ.

ಕಾಮರ್ಸ್ ಮೇಷ್ಟ್ರು, ದಾವಣಗೆರೆ

ಎಲ್ಲವನ್ನೂ ಬರೆದುಕೊಂಡೆ. ಹಳೇ ಆವೃತ್ತಿಯ ಹೆಸರುಗಳನ್ನು ಅದೇ ವಾಕ್ಯದಲ್ಲಿ ಸೇರಿಸಿದರೆ ಓದೋಕೆ ಕಷ್ಟ. ಕೆಳಗೆ ಬೇರೆಯಾಗಿ 'ನಿಮ್ಮದು ಹಳೇ ಆವೃತ್ತಿಯಾಗಿದ್ದರೆ' ಎಂದು ಹಾಕಲಾ?

ಟೆಕ್‌ರೈಟರ್ ಅಕ್ಕ

ಹೌದು, ಕೆಳಗೆ. ಆವೃತ್ತಿ ಎಷ್ಟು ಎಂದು ನೋಡೋದು ಹೇಗೆ ಅಂತಲೂ ಹೇಳಿ, ಹೆಲ್ಪ್ ಮೆನುವಿನಲ್ಲಿ ಅಬೌಟ್. ಚಿತ್ರ ಒಂದೇ ಸಾಕು, ಟಿಕ್ ಹಾಕೋ ಜಾಗದ್ದು. ಜಾಸ್ತಿ ಚಿತ್ರ ಹಾಕಿದರೆ ಮುಂದಿನ ಫೆಬ್ರವರಿಗೆ ಎಲ್ಲ ಮತ್ತೆ ತೆಗೆಯಬೇಕಾಗುತ್ತೆ.

ಇಂಗ್ಲಿಷಿನದು ಕಳಿಸೋ ಮುಂಚೆ ವಿಂಡೋಸ್‌ನಲ್ಲೂ ಯಾರಾದರೂ ನೋಡಬೇಕಿತ್ತು. ನನ್ನ ಹತ್ರ ಲಿನಕ್ಸ್ ಮಾತ್ರ ಇದೆ.

ಕಾಫಿ ಡೇ ಕೋಡರ್

ಆಫೀಸ್ ಲ್ಯಾಪ್‌ಟಾಪ್ ವಿಂಡೋಸ್ 11. ಇವತ್ತು ರಾತ್ರಿ ಹೊಸ ಅಕೌಂಟ್ ಮಾಡಿ, ಲೇಟೆಸ್ಟ್ ಹಾಕಿಕೊಂಡು ನೋಡುತ್ತೇನೆ. ಕನ್ನಡ ಕೀಬೋರ್ಡ್ ಸೇರಿಸಿದ ಮೇಲೆ ಆ ಟಿಕ್ ತಾನಾಗೇ ಬೀಳುತ್ತಾ ಅನ್ನೋದನ್ನೂ ನೋಡಬೇಕು. ಬಿದ್ದರೆ ನಿಮ್ಮ 'ಟಿಕ್ ಹಾಕಿ' ಎಂಬ ಸಾಲು ಬದಲಾಗುತ್ತೆ ಮೇಷ್ಟ್ರೇ. ಅಲ್ಲಿಯವರೆಗೂ ಕಳಿಸಬೇಡಿ.